ಪ್ರಬಂಧಗಳ ಪಟ್ಟಿಯನ್ನು ಮತ್ತೆ ಬರೆದ 11 ವಾರಗಳು

ಬಡ್ತಿಯ ಪರಿಶೀಲನಾ ಸಮಿತಿಯಿಂದ ಬಂದ ಪತ್ರದಲ್ಲಿ ಎರಡು ಬೇಡಿಕೆಗಳಿದ್ದವು. ಈವರೆಗೆ ಪ್ರಕಟವಾದ ನನ್ನ ಎಲ್ಲ ಸಂಶೋಧನಾ ಪ್ರಬಂಧಗಳ ಪಟ್ಟಿಯನ್ನು, ಪ್ರತಿಯೊಂದರಲ್ಲೂ ನಾನು ಮಾಡಿದ ಕೆಲಸ ಯಾವುದೆಂಬ ವಿವರಣೆಯ ಸಮೇತ ಒಪ್ಪಿಸಬೇಕು. ನನ್ನ ಮುಖ್ಯ ಸಹಯೋಗಗಳು ಯಾವುವು, ಅವುಗಳಿಂದ ದೊರೆತದ್ದೇನು ಎಂಬುದನ್ನು ಎರಡು ಪುಟಗಳಲ್ಲಿ ಬರೆಯಬೇಕು. ಜೀವಕೋಶದೊಳಗಿನ ಸಾಗಣೆಯನ್ನು, ಅಂದರೆ ಎಂಡೋಸೋಮ್ ಎಂಬ ಪುಟ್ಟ ಚೀಲಗಳು ಮೈಕ್ರೊಟ್ಯೂಬ್ಯೂಲ್‌ಗಳೆಂಬ ಹಳಿಗಳ ಮೇಲೆ ಹೇಗೆ ಓಡಾಡುತ್ತವೆ ಎಂಬುದನ್ನು, ನಾನು 18 ವರ್ಷಗಳಿಂದ ಅಭ್ಯಾಸ ಮಾಡುತ್ತ ಬಂದಿದ್ದೇನೆ. ಪಟ್ಟಿ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇತ್ತಾದ್ದರಿಂದ ಎರಡು ಸಂಜೆ ಕುಳಿತರೆ ಕೆಲಸ ಮುಗಿದೀತು ಎಂದುಕೊಂಡಿದ್ದೆ. ಅದಕ್ಕೆ 11 ವಾರ ಹಿಡಿಯಿತು. ಆ ವಾರಗಳಲ್ಲಿ ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಸಂಜೆಯೇ ಲೆಕ್ಕ ತಪ್ಪಿತು. ನನ್ನ ಕಡತದಲ್ಲಿ 34 ಪ್ರಬಂಧಗಳಿದ್ದವು. ಒಂದು ದತ್ತಸಂಚಯ 29 ಎಂದಿತು, ಇನ್ನೊಂದು 43 ಎಂದಿತು. ಕಡಿಮೆ ತೋರಿಸಿದ ಕಡೆ ಕಾರಣ ನನ್ನ ಹೆಸರೇ ಆಗಿತ್ತು. ನನ್ನದು ಒಂದೇ ಪದದ ಹೆಸರು, ಅದಕ್ಕೆ ಎರಡು ಇನಿಷಿಯಲ್‌ಗಳು. ಜರ್ನಲ್‌ಗಳ ಅರ್ಜಿ ನಮೂನೆಗಳಾದರೋ ಮೊದಲ ಹೆಸರು, ಕುಲನಾಮ ಎಂದು ಎರಡು ಖಾನೆಗಳನ್ನು ಕೇಳುತ್ತವೆ. ಒಂದು ಪ್ರಬಂಧದಲ್ಲಿ ನನ್ನ ಹೆಸರೇ ಕುಲನಾಮವಾಗಿತ್ತು, ಇನ್ನೊಂದರಲ್ಲಿ ಇನಿಷಿಯಲ್ ಬಿಡಿಸಿ ಬರೆದ ಪದ ಕುಲನಾಮವಾಗಿತ್ತು, ಮೂರನೆಯದರಲ್ಲಿ ಒಂದು ಇನಿಷಿಯಲ್ ಬಿಟ್ಟೇ ಹೋಗಿತ್ತು. ಹೀಗೆ ಯಂತ್ರದ ಕಣ್ಣಿಗೆ ನಾನು ಮೂವರು ಬೇರೆ ಬೇರೆ ವ್ಯಕ್ತಿಗಳಾಗಿದ್ದೆ. ಹೆಚ್ಚು ತೋರಿಸಿದ ಕಡೆ ಇದಕ್ಕೆ ವಿರುದ್ಧವಾದದ್ದು ನಡೆದಿತ್ತು: ಅದೇ ಹೆಸರಿನ, ಸಸ್ಯರೋಗಗಳ ಮೇಲೆ ಕೆಲಸ ಮಾಡುವ ಸಂಶೋಧಕರೊಬ್ಬರ ಆರು ಪ್ರಬಂಧಗಳು ನನ್ನ ಖಾತೆಗೆ ಬಂದು ಸೇರಿದ್ದವು. ಉಳಿದ ಮೂರು ಹೆಚ್ಚುವರಿ ನಮೂದುಗಳು ಪ್ರಿಪ್ರಿಂಟ್‌ಗಳು, ಅಂದರೆ ಜರ್ನಲ್‌ನಲ್ಲಿ ಅಚ್ಚಾಗುವ ಮೊದಲೇ ಅಂತರಜಾಲದಲ್ಲಿ ಹಾಕಿದ ಕರಡುಗಳು. ಒಂದೇ ಕೆಲಸದ ಪ್ರಿಪ್ರಿಂಟ್ ಒಂದು, ಜರ್ನಲ್‌ನಲ್ಲಿ ಅಚ್ಚಾದ ರೂಪ ಇನ್ನೊಂದು ಎಂದು ಎಣಿಕೆಯಾಗಿತ್ತು.

ಈ ತೊಡಕಿಗೆಂದೇ 2012ರ ಅಕ್ಟೋಬರ್‌ನಲ್ಲಿ ಆರ್ಕಿಡ್ ಗುರುತುಸಂಖ್ಯೆಯ ವ್ಯವಸ್ಥೆ ಆರಂಭವಾಗಿತ್ತು. ಸಂಶೋಧಕರೊಬ್ಬರಿಗೆ 16 ಸ್ಥಾನಗಳ ಒಂದು ಸಂಖ್ಯೆ; ಹೆಸರು ಬದಲಾದರೂ, ಸಂಸ್ಥೆ ಬದಲಾದರೂ ಅದು ಬದಲಾಗುವುದಿಲ್ಲ. ಅದರ ಕೊನೆಯ ಸ್ಥಾನದಲ್ಲಿರುವುದು ಉಳಿದ 15 ಅಂಕಿಗಳಿಂದ ಲೆಕ್ಕ ಹಾಕಿ ಪಡೆದ ತಪಾಸಣೆಯ ಗುರುತು, ಆದ್ದರಿಂದ ಬರೆಯುವಾಗ ಒಂದು ಅಂಕಿ ತಪ್ಪಿದರೆ ಸಿಕ್ಕಿಬೀಳುತ್ತದೆ. ನಾನು ಆ ಸಂಖ್ಯೆಯನ್ನು ವರ್ಷಗಳ ಹಿಂದೆಯೇ ಪಡೆದಿದ್ದೆ, ಆದರೆ ಅದರೊಳಗೆ ಏನನ್ನೂ ತುಂಬಿರಲಿಲ್ಲ. ಈಗ ಪ್ರತಿಯೊಂದು ಪ್ರಬಂಧದ ಡಿಒಐ ಸಂಖ್ಯೆಯನ್ನು, ಅಂದರೆ ಅದರ ಶಾಶ್ವತ ಗುರುತುಸಂಖ್ಯೆಯನ್ನು, ಹುಡುಕಿ ಸೇರಿಸಿದೆ, ಹೆಸರಿನ ಮೂರೂ ರೂಪಗಳನ್ನು ನಮೂದಿಸಿದೆ, ಪ್ರಿಪ್ರಿಂಟ್‌ಗಳನ್ನು ಅವುಗಳ ಅಚ್ಚಾದ ರೂಪಗಳೊಂದಿಗೆ ಜೋಡಿಸಿದೆ, ಸಸ್ಯರೋಗದ ಆರು ಪ್ರಬಂಧಗಳನ್ನು ತೆಗೆದುಹಾಕಿಸಿದೆ. ಅವು ಹೋದೊಡನೆ ನನ್ನ ಎಚ್-ಇಂಡೆಕ್ಸ್ 19ರಿಂದ 17ಕ್ಕೆ ಇಳಿಯಿತು. ಕನಿಷ್ಠ 17 ಬಾರಿ ಉಲ್ಲೇಖಗೊಂಡ 17 ಪ್ರಬಂಧಗಳಿವೆ ಎಂಬುದಷ್ಟೇ ಅದರ ಅರ್ಥ. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಅಳತೆ ಅದು. ಆ ಎರಡು ಅಂಕಗಳು ನನ್ನವಲ್ಲ, ಇನ್ನೊಬ್ಬರ ದುಡಿಮೆ. ಹಿಂದಿನ ಎರಡು ಅರ್ಜಿಗಳಲ್ಲಿ ಪರಿಶೀಲಿಸದೆ 19 ಎಂದೇ ಬರೆದಿದ್ದೆನೆಂಬುದು ನೆನಪಾಗಿ, ಅವೆರಡಕ್ಕೂ ತಿದ್ದುಪಡಿಯ ಪತ್ರ ಕಳುಹಿಸಿದೆ.

ಸಮಿತಿಯ ಪತ್ರದ ಕೊನೆಯಲ್ಲಿ, ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅವುಗಳ ಪ್ರಬಂಧಗಳಿಗೆ ಸಿಗುವ ಸರಾಸರಿ ಉಲ್ಲೇಖಗಳ ಅಂಕಿ, ನಮೂದಿಸಬಾರದು ಎಂಬ ಸೂಚನೆಯೂ ಇತ್ತು. ಇದರ ಬೇರು ನಮ್ಮ ಶಾಸ್ತ್ರದಲ್ಲಿಯೇ ಇದೆ. 2012ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಅಮೆರಿಕನ್ ಸೊಸೈಟಿ ಫಾರ್ ಸೆಲ್ ಬಯಾಲಜಿಯ ವಾರ್ಷಿಕ ಸಮ್ಮೇಳನದ ಸಂದರ್ಭದಲ್ಲಿ ಜರ್ನಲ್‌ಗಳ ಸಂಪಾದಕರೂ ಪ್ರಕಾಶಕರೂ ಸೇರಿ ಚರ್ಚಿಸಿದ್ದರ ಫಲವಾಗಿ, ಮರುವರ್ಷ ಡೋರಾ ಎಂದು ಹೆಸರಾದ ಘೋಷಣೆ ಪ್ರಕಟವಾಯಿತು. ಜರ್ನಲ್ ಒಂದರ ಸರಾಸರಿ ಉಲ್ಲೇಖವನ್ನು ಅದರಲ್ಲಿ ಬಂದ ಒಂದೊಂದು ಪ್ರಬಂಧದ ಗುಣಕ್ಕೆ ಬದಲಿಯಾಗಿ ಬಳಸಬಾರದು ಎಂಬುದು ಅದರ ತಿರುಳು. ನನ್ನ ಹಳೆಯ ಪಟ್ಟಿಯಲ್ಲಿ ಪ್ರತಿಯೊಂದು ಸಾಲಿನ ತುದಿಯಲ್ಲೂ ಆ ಅಂಕಿ ಇತ್ತು. ಆ ಅಂಕಣವನ್ನು ಅಳಿಸಿ, ಅದರ ಜಾಗದಲ್ಲಿ ಈ ಪ್ರಬಂಧದಿಂದ ಹೊಸದಾಗಿ ತಿಳಿದದ್ದೇನು ಎಂದು ಒಂದು ವಾಕ್ಯ ಬರೆಯಲು ಹೊರಟಾಗ, ಎಂಟು ಪ್ರಬಂಧಗಳ ಮುಂದೆ ಬಹಳ ಹೊತ್ತು ಏನನ್ನೂ ಬರೆಯಲಾಗದೆ ಕುಳಿತಿದ್ದೆ. ಅವುಗಳಲ್ಲಿ ಎರಡು ಬಹಳ ಹೆಸರಾದ ಜರ್ನಲ್‌ನಲ್ಲಿ ಬಂದಂಥವು. ಇದಕ್ಕೆ ಪ್ರತಿಯಾಗಿ, ಡೈನೀನ್ ಎಂಬ ಚಾಲಕ ಪ್ರೋಟೀನನ್ನು ತಡೆದಾಗ ಎಂಡೋಸೋಮ್‌ಗಳು ಕೋಶಕೇಂದ್ರದ ಕಡೆಗೆ ಮಾತ್ರವಲ್ಲ, ಅಂಚಿನ ಕಡೆಗೂ ಚಲಿಸುವುದನ್ನು ನಿಲ್ಲಿಸುತ್ತವೆ ಎಂದು ತೋರಿಸಿದ ಪ್ರಬಂಧ, ಹೆಚ್ಚು ಜನ ಓದದ ಒಂದು ಚಿಕ್ಕ ಜರ್ನಲ್‌ನಲ್ಲಿತ್ತು. ಅದರ ಮುಂದೆ ವಾಕ್ಯ ತಾನಾಗಿಯೇ ಬಂತು.

ಆಮೇಲಿನದು ನಿಜವಾಗಿ ಕಠಿಣವಾದ ಭಾಗ: ಯಾರು ಏನು ಮಾಡಿದರು ಎಂಬುದು. ಈಗ ಬಹಳಷ್ಟು ಜರ್ನಲ್‌ಗಳು ಕ್ರೆಡಿಟ್ ಎಂಬ ವರ್ಗೀಕರಣವನ್ನು ಬಳಸುತ್ತವೆ. ಪರಿಕಲ್ಪನೆ, ವಿಧಾನ, ಪ್ರಯೋಗ, ದತ್ತಾಂಶದ ನಿರ್ವಹಣೆ, ವಿಶ್ಲೇಷಣೆ, ಕರಡು ಬರಹ, ಮೇಲ್ವಿಚಾರಣೆ, ಧನಸಂಗ್ರಹ ಮೊದಲಾದ 14 ಪಾತ್ರಗಳಲ್ಲಿ ಯಾವುದನ್ನು ಯಾರು ನಿರ್ವಹಿಸಿದರು ಎಂದು ಪ್ರಬಂಧದ ಕೊನೆಯಲ್ಲಿಯೇ ಅಚ್ಚಾಗಿರುತ್ತದೆ. ನನ್ನ ಹಳೆಯ ಪ್ರಬಂಧಗಳಲ್ಲಿ ಅಂಥದ್ದೇನೂ ಇರಲಿಲ್ಲ. ಅಲ್ಲಿ ಇದ್ದದ್ದು ಹೆಸರುಗಳ ಕ್ರಮ ಮಾತ್ರ. ಜೀವಕೋಶ ವಿಜ್ಞಾನದಲ್ಲಿ ಮೊದಲ ಹೆಸರು ಪ್ರಯೋಗಗಳ ಮುಖ್ಯ ಭಾರ ಹೊತ್ತವರದ್ದು, ಕೊನೆಯ ಹೆಸರು ಪ್ರಯೋಗಾಲಯದ ಮುಖ್ಯಸ್ಥರದ್ದು. ಮಧ್ಯದಲ್ಲಿರುವ ನಾಲ್ಕೈದು ಹೆಸರುಗಳ ಅರ್ಥ ಆ ಪ್ರಬಂಧವನ್ನು ಬರೆದವರಿಗೆ ಮಾತ್ರ ಗೊತ್ತು, ಹತ್ತು ವರ್ಷ ಕಳೆದರೆ ಅವರಿಗೂ ಗೊತ್ತಿರುವುದಿಲ್ಲ. ನಾನು ಲ್ಯಾಬ್ ನೋಟ್‌ಬುಕ್‌ಗಳನ್ನೂ ಹಳೆಯ ಇಮೇಲ್‌ಗಳನ್ನೂ ತೆರೆದೆ, ನೆನಪು ಸಾಲದ ಕಡೆ ಸಹಲೇಖಕರಿಗೆ ಪತ್ರ ಬರೆದೆ. ಒಟ್ಟು 91 ಸಹಲೇಖಕರಲ್ಲಿ 38 ಜನರಿಗೆ ಬರೆದೆ, 31 ಜನ ಉತ್ತರಿಸಿದರು. ಇಬ್ಬರು, ತಮ್ಮದೆಂದು ನಾನು ನಂಬಿದ್ದ ಪ್ರಯೋಗವನ್ನು ತಾವು ಮಾಡಿರಲಿಲ್ಲ, ಇಂಥವರು ಮಾಡಿದ್ದರು ಎಂದು ತಿದ್ದಿದರು. ಆ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದೆನಿಸಿತು.

ಸಹಯೋಗಗಳ ವಿಷಯದಲ್ಲಿ ಪಟ್ಟಿ ಎಷ್ಟು ಕಡಿಮೆ ಹೇಳುತ್ತದೆ ಎಂಬುದು ಗಣಿತಜ್ಞರೊಬ್ಬರೊಂದಿಗಿನ ಕೆಲಸವನ್ನು ಬರೆಯುವಾಗ ತಿಳಿಯಿತು. ಎಂಡೋಸೋಮ್‌ಗಳ ಚಲನೆಗೆ ಗಣಿತದ ಮಾದರಿಯೊಂದನ್ನು ಕಟ್ಟಿಕೊಡಿ ಎಂದು 2015ರಲ್ಲಿ ಅವರನ್ನು ಕೇಳಿಕೊಂಡಿದ್ದೆ. ಮೊದಲ ಭೇಟಿಯಲ್ಲಿ ಅವರು ನಮ್ಮ ಗ್ರಾಫನ್ನು ನೋಡಿ, "ನಿಮ್ಮ ಎನ್ ಎಷ್ಟು?" ಎಂದು ಕೇಳಿದರು. ಎನ್ ಎಂದರೆ ಲೆಕ್ಕಕ್ಕೆ ಹಿಡಿದ ಸ್ವತಂತ್ರ ಮಾದರಿಗಳ ಸಂಖ್ಯೆ. "200 ಕೋಶಗಳು" ಎಂದೆ. "ಎಷ್ಟು ದಿನಗಳ ಪ್ರಯೋಗದಿಂದ ಬಂದವು?" ಎಂದರು. ಮೂರು ಎಂದೆ. "ಹಾಗಾದರೆ ನಿಮ್ಮ ಎನ್ ಮೂರು" ಎಂದರು. ಒಂದೇ ತಟ್ಟೆಯಲ್ಲಿ ಬೆಳೆದ ಕೋಶಗಳು ಒಂದೇ ದಿನದ ದ್ರಾವಣವನ್ನು, ಒಂದೇ ಉಷ್ಣತೆಯನ್ನು, ಒಂದೇ ಕೈಯ ತಪ್ಪುಗಳನ್ನು ಹಂಚಿಕೊಂಡಿರುತ್ತವೆ. ಅವು ಒಂದನ್ನೊಂದು ಅವಲಂಬಿಸದ ಸಾಕ್ಷಿಗಳಲ್ಲ. ಅವುಗಳನ್ನು ಬಿಡಿಬಿಡಿಯಾಗಿ ಎಣಿಸಿದರೆ ಇಲ್ಲದ ವ್ಯತ್ಯಾಸವೂ ಇದೆಯೆಂದು ತೋರುತ್ತದೆ. ನಾವು ಲೆಕ್ಕವನ್ನು ಮತ್ತೆ ಮಾಡಿದಾಗ ನಾಲ್ಕು ಫಲಿತಾಂಶಗಳಲ್ಲಿ ಎರಡು ಮಾತ್ರ ನಿಂತವು. ಆ ಎರಡಕ್ಕಾಗಿ ಪ್ರಯೋಗವನ್ನು ಇನ್ನೂ ನಾಲ್ಕು ಬಾರಿ, ಬೇರೆ ಬೇರೆ ವಾರಗಳಲ್ಲಿ ನಡೆಸಿದೆವು. ಪ್ರತಿಯೊಂದು ದಿನದ ಸರಾಸರಿಯನ್ನು ಬಿಡಿ ಕೋಶಗಳ ಚುಕ್ಕೆಗಳ ಮೇಲೆ ಎದ್ದು ಕಾಣುವಂತೆ ಚಿತ್ರಿಸುವ ಸೂಪರ್‌ಪ್ಲಾಟ್ ಎಂಬ ವಿಧಾನವನ್ನು ಜರ್ನಲ್ ಆಫ್ ಸೆಲ್ ಬಯಾಲಜಿಯಲ್ಲಿ 2020ರಲ್ಲಿ ಬಂದ ಒಂದು ಲೇಖನ ಬಳಕೆಗೆ ತಂದಿತು. ಆ ಲೇಖನ ಬಂದಾಗ, ಅದು ಹೇಳುವ ಮಾತನ್ನು ನಮ್ಮ ಪ್ರಯೋಗಾಲಯದಲ್ಲಿ ಐದು ವರ್ಷ ಮೊದಲೇ ಒಬ್ಬರು ಹೇಳಿದ್ದರೆಂದು ಎಲ್ಲರಿಗೂ ತೋರಿಸಿದ್ದೆ.

ಆದರೆ ಆ ಮಾತು ಪ್ರಕಟಣೆಯ ದಾಖಲೆಯಲ್ಲಿ ಎಲ್ಲಿದೆ? ಒಂದು ಪ್ರಬಂಧದಲ್ಲಿ ಅವರು ಐವರಲ್ಲಿ ಮೂರನೆಯ ಲೇಖಕರು. ಗಣಿತದಲ್ಲಿ ಲೇಖಕರ ಹೆಸರುಗಳನ್ನು ಅಕ್ಷರಕ್ರಮದಲ್ಲಿ ಬರೆಯುವುದು ರೂಢಿಯಾದ್ದರಿಂದ, ಮಧ್ಯದಲ್ಲಿರುವುದರಿಂದ ತಮಗೆ ನಷ್ಟವಿದೆಯೆಂದು ಅವರಿಗೆ ಆಗ ತೋರಿರಲಿಲ್ಲ, ನಾನೂ ವಿವರಿಸಿರಲಿಲ್ಲ. ಪತ್ರ ಬರೆದು ಕೇಳಿದಾಗ, ತಮ್ಮ ವಿಭಾಗದ ಪರಿಶೀಲನೆಯಲ್ಲಿ ಈ ಪ್ರಬಂಧವನ್ನು ಯಾರೋ 'ಅಲ್ಪ ಕೊಡುಗೆ' ಎಂದು ಗುರುತಿಸಿದ್ದರೆಂದು ಅವರು ತಿಳಿಸಿದರು. ನನ್ನ ಎರಡು ಪುಟಗಳ ಮೊದಲರ್ಧವನ್ನು ಈ ಸಹಯೋಗಕ್ಕೇ ಕೊಟ್ಟೆ, ಅದರ ಪ್ರತಿಯನ್ನು ಸಹಿ ಹಾಕಿ ಅವರಿಗೂ ಕಳುಹಿಸಿದೆ.

ಇನ್ನೊಂದು ಸಹಯೋಗದ ಕಥೆಯನ್ನು ಎರಡು ಲೇಖಕಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕಾಯಿತು. 2017ರಲ್ಲಿ ಬಯೋಆರ್ಕೈವ್‌ನಲ್ಲಿ ಹಾಕಿದ ಪ್ರಿಪ್ರಿಂಟ್‌ನಲ್ಲಿ ಐದು ಹೆಸರುಗಳಿವೆ. 2019ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಏಳು. ನಡುವಿನ ಎರಡು ವರ್ಷಗಳಲ್ಲಿ, ಜರ್ನಲ್‌ನ ಪರವಾಗಿ ಪ್ರಬಂಧವನ್ನು ಪರಿಶೀಲಿಸುವ ವಿಮರ್ಶಕರು ಎರಡು ಪ್ರಶ್ನೆ ಕೇಳಿದ್ದರು. ಕೋಶದಲ್ಲಿ ಒಂದು ಪ್ರೋಟೀನಿನ ಪ್ರಮಾಣವನ್ನು ತಗ್ಗಿಸಿದಾಗ ಕಂಡ ದೋಷ ಅದೇ ಪ್ರೋಟೀನನ್ನು ಮರಳಿ ಕೊಟ್ಟರೆ ಸರಿಹೋಗುತ್ತದೆಯೇ? ಬೆಳಕಿನ ಸೂಕ್ಷ್ಮದರ್ಶಕದಲ್ಲಿ ದೊಡ್ಡದಾಗಿ ಕಾಣುವ ಎಂಡೋಸೋಮ್ ಒಂದೇ ಚೀಲವೇ, ಅಥವಾ ಒತ್ತಾಗಿ ಗುಂಪುಗೂಡಿದ ಹಲವು ಚೀಲಗಳೇ? ಎರಡನೆಯದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ತಜ್ಞೆಯೊಬ್ಬರು, ನಾವು ಬೆಳಕಿನಲ್ಲಿ ನೋಡಿದ ಅದೇ ಕೋಶವನ್ನು ರಾಳದಲ್ಲಿ ಹುದುಗಿಸಿ, ತೆಳುವಾಗಿ ಸೀಳಿ, ಅದೇ ಜಾಗವನ್ನು ಮತ್ತೆ ಹುಡುಕಿ ತೋರಿಸಿದರು. ಅದು ಒಂದು ಚೀಲವಲ್ಲ, ಹನ್ನೆರಡರ ಗುಂಪು. ನಮ್ಮ ಶೀರ್ಷಿಕೆಯಲ್ಲಿದ್ದ 'ಹಿಗ್ಗಿದ' ಎಂಬ ಪದವನ್ನು 'ಗುಂಪುಗೂಡಿದ' ಎಂದು ಬದಲಿಸಬೇಕಾಯಿತು. ಪ್ರಬಂಧದ ತೀರ್ಮಾನವೇ ಅವರಿಂದ ತಿರುಗಿತು. ವಿಮರ್ಶಕರ ಬಗ್ಗೆ ಬೇಸರದ ಮಾತುಗಳನ್ನು ಬಹಳ ಕೇಳಿದ್ದೇನೆ, ನಾನೂ ಆಡಿದ್ದೇನೆ. ಆ ಪ್ರಶ್ನೆಯನ್ನು ಕೇಳಿದ ಹೆಸರಿಲ್ಲದ ವಿಮರ್ಶಕರಿಗೆ ಇಂದಿಗೂ ಕೃತಜ್ಞತೆ ಸಲ್ಲಿಸಲು ಆಗಿಲ್ಲ.

ಎಲ್ಲ ಸಹಲೇಖನವೂ ಇಂಥ ಸಹಯೋಗವಲ್ಲ. ಮೊದಲ ವರ್ಷಗಳ ಮೂರು ಪ್ರಬಂಧಗಳಲ್ಲಿ, ಒಂದು ಪ್ಲಾಸ್ಮಿಡ್, ಅಂದರೆ ಪ್ರಯೋಗಕ್ಕೆ ಬೇಕಾದ ಪುಟ್ಟ ಡಿಎನ್‌ಎ ಉಂಗುರ, ಕಳುಹಿಸಿಕೊಟ್ಟ ಕಾರಣಕ್ಕಾಗಿಯೇ ಲೇಖಕರಾದವರಿದ್ದಾರೆ. ಲೇಖಕರ ಸ್ಥಾನವನ್ನು ಕೇಳಿದವರು ಅವರು, ಕೊಟ್ಟವರು ನಾವು. 2004ರಲ್ಲಿ ಆರಂಭವಾದ ಅಡ್‌ಜೀನ್ ಎಂಬ ಲಾಭರಹಿತ ಸಂಗ್ರಹಾಲಯದಿಂದ ಪ್ಲಾಸ್ಮಿಡ್‌ಗಳನ್ನು ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ತರಿಸಿಕೊಳ್ಳುವ ಅನುಕೂಲ ಬಂದ ಮೇಲೆ ನಮ್ಮಲ್ಲಿ ಈ ಪದ್ಧತಿ ತಾನಾಗಿ ನಿಂತಿತು. ಆ ಮೂರರಲ್ಲಿ ಅವರ ಪಾತ್ರವನ್ನು 'ಸಾಮಗ್ರಿ ಒದಗಿಸಿದರು' ಎಂದಷ್ಟೇ ಬರೆದೆ.

ಇದಕ್ಕೆ ತೀರಾ ವಿರುದ್ಧವಾದ ಅನ್ಯಾಯವನ್ನು ನಾನೇ ಮಾಡಿದ್ದೆ. 2014ರ ಪ್ರಬಂಧಕ್ಕಾಗಿ ಕೆಲಸ ನಡೆಯುತ್ತಿದ್ದಾಗ, ನಮ್ಮ ಪ್ರಯೋಗಾಲಯದ ತಾಂತ್ರಿಕ ಸಹಾಯಕರೊಬ್ಬರು ಒಂದು ಕೋಶವಂಶದ, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದ ಒಂದೇ ಮೂಲದ ಕೋಶಗಳ, ಬೆಳವಣಿಗೆ ತೀರಾ ವೇಗವಾಗಿದೆ ಎಂದು ಅನುಮಾನಪಟ್ಟರು. ಯಾರೂ ಹೇಳದಿದ್ದರೂ ಅದರ ಡಿಎನ್‌ಎ ಗುರುತು ಪರೀಕ್ಷೆಗೆ, ಎಸ್‌ಟಿಆರ್ ಪರೀಕ್ಷೆಗೆ, ಕಳುಹಿಸಿದರು. ಶೀಶೆಯ ಮೇಲಿದ್ದ ಹೆಸರು ಒಂದು, ಒಳಗಿದ್ದದ್ದು ಹೀಲಾ ಎಂಬ, ವೇಗವಾಗಿ ಬೆಳೆಯುವ ಮಾನವ ಕ್ಯಾನ್ಸರ್ ಕೋಶಗಳು. ಹೀಲಾ ಕೋಶಗಳು ಬೇರೆ ಸಂವರ್ಧನೆಗಳೊಳಗೆ ನುಸುಳಿ ಅವುಗಳನ್ನು ಮೀರಿ ಬೆಳೆಯುತ್ತವೆ ಎಂಬುದನ್ನು ಸ್ಟ್ಯಾನ್ಲಿ ಗಾರ್ಟ್ಲರ್ 1966ರಲ್ಲಿಯೇ ತೋರಿಸಿದ್ದರು, ಆದರೂ ನಾವು ಪರೀಕ್ಷಿಸಿರಲಿಲ್ಲ. ನಮ್ಮ ಸಹಾಯಕರು ಎಚ್ಚರಿಸದಿದ್ದರೆ ಆ ಪ್ರಬಂಧದ ಅರ್ಧಭಾಗ ಸುಳ್ಳಾಗುತ್ತಿತ್ತು. ಹೊಸ ಕೋಶವಂಶವನ್ನು ತರಿಸಿ ಎಂಟು ತಿಂಗಳು ಪ್ರಯೋಗಗಳನ್ನು ಪುನಃ ಮಾಡಿದವರೂ ಅವರೇ. ಪ್ರಬಂಧದಲ್ಲಿ ಅವರ ಹೆಸರು ಕೃತಜ್ಞತೆಯ ಸಾಲಿನಲ್ಲಿದೆ, ಲೇಖಕರ ಸಾಲಿನಲ್ಲಿಲ್ಲ.

ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕತ್ವಕ್ಕೆ ನಾಲ್ಕು ಷರತ್ತುಗಳನ್ನು ಇಟ್ಟಿದೆ: ಕೆಲಸದಲ್ಲಿ ಗಣನೀಯ ಪಾಲು, ಬರಹದಲ್ಲಿ ಅಥವಾ ಅದರ ವಿಮರ್ಶಾತ್ಮಕ ತಿದ್ದುಪಡಿಯಲ್ಲಿ ಪಾಲು, ಅಂತಿಮ ರೂಪಕ್ಕೆ ಒಪ್ಪಿಗೆ, ಮತ್ತು ಇಡೀ ಕೆಲಸಕ್ಕೆ ಉತ್ತರದಾಯಿಯಾಗಿರುವ ಸಿದ್ಧತೆ. ನಮ್ಮ ಸಹಾಯಕರು ಬರವಣಿಗೆಯಲ್ಲಿ ಭಾಗವಹಿಸಿರಲಿಲ್ಲ, ಆದ್ದರಿಂದ ಲೇಖಕರಲ್ಲ ಎಂದು ನಾನು ಆಗ ತೀರ್ಮಾನಿಸಿದ್ದೆ. ಮೊದಲ ಷರತ್ತನ್ನು ಪೂರೈಸಿದ ಎಲ್ಲರಿಗೂ ಕರಡನ್ನು ಓದಿ ತಿದ್ದುವ ಅವಕಾಶ ಕೊಡಲೇಬೇಕು ಎಂದು ಅದೇ ನಿಯಮಾವಳಿ ಹೇಳುತ್ತದೆ. ನಾನು ಅವರಿಗೆ ಕರಡನ್ನೇ ಕೊಟ್ಟಿರಲಿಲ್ಲ. ಇದನ್ನು ಒಪ್ಪಿಕೊಂಡು, ಈಗಲೂ ಲೇಖಕರಾಗಿ ಸೇರಿಸುವಂತೆ ಜರ್ನಲ್‌ಗೆ ಬರೆಯಲು ಸಿದ್ಧನಿದ್ದೇನೆಂದು ತಿಳಿಸಿದೆ. ಅವರು ಮೂರು ದಿನದ ನಂತರ ಫೋನ್ ಮಾಡಿದರು. "ಈಗ ಲೇಖಕನಾಗಿ ನನಗೇನಾಗಬೇಕು ಸಾರ್. ಆ ಕೋಶಗಳನ್ನು ಹಿಡಿದದ್ದು ನಾನು ಅಂತ ತಾರೀಖಿನ ಸಮೇತ ಎಲ್ಲಾದರೂ ಬರೆದಿಡಿ, ಸಾಕು" ಎಂದರು. ಆ ಮಾತನ್ನು ಕೇಳಿ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ನೋಟ್‌ಬುಕ್‌ನ ಪುಟಸಂಖ್ಯೆ, ಪರೀಕ್ಷೆಯ ವರದಿ, ತಾರೀಖುಗಳನ್ನು ಸೇರಿಸಿ ಎರಡು ಪುಟದ ಪತ್ರವನ್ನು ಅವರಿಗೆ ಕೊಟ್ಟೆ. ನನ್ನ ದಾಖಲೆಯಲ್ಲಿ ಆ ಪ್ರಬಂಧದ ಕೆಳಗೆ ಅವರ ಕೆಲಸವನ್ನು ಅವರ ಹೆಸರಿನಲ್ಲಿಯೇ ವಿವರಿಸಿದೆ.

ಒಂಬತ್ತನೆಯ ವಾರದಲ್ಲಿ, 2011ರ ಪ್ರಬಂಧವೊಂದರ ಮೂಲ ದತ್ತಾಂಶವನ್ನು ನೋಡುತ್ತಿದ್ದಾಗ, ಎರಡು ಬೇರೆ ವೆಸ್ಟರ್ನ್ ಬ್ಲಾಟ್‌ಗಳ, ಅಂದರೆ ಮಾದರಿಗಳಲ್ಲಿರುವ ಪ್ರೋಟೀನ್‌ಗಳನ್ನು ಪಟ್ಟಿಗಳಾಗಿ ತೋರಿಸುವ ಚಿತ್ರಗಳ, ಕೆಳಗಿದ್ದ ಟ್ಯುಬುಲಿನ್ ಎಂಬ ಪ್ರೋಟೀನಿನ ಪಟ್ಟಿ ಒಂದೇ ಎಂದು ಕಂಡಿತು. ಪ್ರತಿಯೊಂದು ಸಾಲಿನಲ್ಲೂ ಸಮಪ್ರಮಾಣದ ಪ್ರೋಟೀನ್ ಹಾಕಲಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ತೋರಿಸುವ ಪಟ್ಟಿ ಅದು. ಎಡತುದಿಯಲ್ಲಿದ್ದ ಒಂದು ಚಿಕ್ಕ ಗೀರು ಎರಡರಲ್ಲೂ ಅದೇ ಜಾಗದಲ್ಲಿತ್ತು. ಚಿತ್ರಗಳನ್ನು ಜೋಡಿಸಿದವನು ನಾನೇ. ಜರ್ನಲ್ ಆಫ್ ಸೆಲ್ ಬಯಾಲಜಿ ತಾನು ಸ್ವೀಕರಿಸಿದ ಪ್ರಬಂಧಗಳ ಚಿತ್ರಗಳನ್ನು 2002ರಿಂದಲೇ ಪರೀಕ್ಷಿಸುತ್ತಿದೆ. ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 20,621 ಪ್ರಬಂಧಗಳನ್ನು ಕಣ್ಣಿನಿಂದಲೇ ಪರಿಶೀಲಿಸಿ, 3.8 ಪ್ರತಿಶತದಲ್ಲಿ ಪುನರಾವರ್ತಿತ ಚಿತ್ರಗಳಿವೆಯೆಂದು 2016ರಲ್ಲಿ ವರದಿ ಮಾಡಿದ್ದರು. ಆ ವರದಿಯನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಪಾಠ ಮಾಡುತ್ತೇನೆ. ನನ್ನ ಪ್ರಬಂಧವೂ ಅಂಥದ್ದೇ ಎಂದು ತಿಳಿದ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಫಿಲ್ಮ್‌ಗಳ ಪೆಟ್ಟಿಗೆಯನ್ನು ತೆಗೆದು ಹುಡುಕಿದೆ. ಎರಡನೆಯ ಬ್ಲಾಟ್‌ನ ಸರಿಯಾದ ಫಿಲ್ಮ್, ತಾರೀಖು ಬರೆದದ್ದು, ನೋಟ್‌ಬುಕ್‌ನಲ್ಲಿ ಅಂಟಿಸಿದಂತೆಯೇ ಇತ್ತು. ಸಮಪ್ರಮಾಣವೂ ಇತ್ತು, ತೀರ್ಮಾನ ಬದಲಾಗುವಂತಿರಲಿಲ್ಲ. ಉಳಿದ ಆರು ಲೇಖಕರಿಗೆ ಎರಡೂ ಚಿತ್ರಗಳನ್ನು ಕಳುಹಿಸಿ, ಜರ್ನಲ್‌ಗೆ ತಿಳಿಸಲು ಒಪ್ಪಿಗೆ ಕೇಳಿದೆ. ನಾಲ್ವರು ಅಂದೇ ಒಪ್ಪಿದರು. ಒಬ್ಬರ ವಿಳಾಸ ಸಿಗಲು ಎರಡು ವಾರ ಹಿಡಿಯಿತು. ಆಗಿನ ನನ್ನ ವಿದ್ಯಾರ್ಥಿನಿ, ಈಗ ಹೊಸ ಹುದ್ದೆಯ ಹುಡುಕಾಟದಲ್ಲಿರುವವರು, ಇದರಿಂದ ತಮ್ಮ ಹೆಸರಿಗೆ ಕಳಂಕ ಬರುತ್ತದೆಯೇ ಎಂದು ಹೆದರಿ ಕೇಳಿದರು. ಆ ಭಯ ನ್ಯಾಯವಾದದ್ದು. ಚಿತ್ರವನ್ನು ಜೋಡಿಸಿದವನು ನಾನು ಎಂಬ ವಾಕ್ಯವನ್ನು ತಿದ್ದುಪಡಿಯಲ್ಲಿಯೇ ಸೇರಿಸುತ್ತೇನೆಂದು ಹೇಳಿ, ಕರಡನ್ನು ಮೊದಲು ಅವರಿಗೇ ತೋರಿಸಿದೆ. ಅವರು ಒಂದು ಪದವನ್ನು ತಿದ್ದಿ ಒಪ್ಪಿಗೆ ಕೊಟ್ಟರು.

ಸಮಿತಿಗೆ ದಾಖಲೆ ಒಪ್ಪಿಸುವ ದಿನ ಜರ್ನಲ್‌ನ ತೀರ್ಮಾನ ಬಂದಿರಲಿಲ್ಲ. ಆದ್ದರಿಂದ 2011ರ ಸಾಲಿನ ಕೆಳಗೆ, ಚಿತ್ರವೊಂದು ತಪ್ಪಾಗಿದೆ, ತಿದ್ದುಪಡಿಗೆ ವಿನಂತಿಸಲಾಗಿದೆ ಎಂದು ಬರೆದೆ. ಸಂದರ್ಶನದಲ್ಲಿ ಒಬ್ಬ ಸದಸ್ಯರು ಅದರ ಬಗ್ಗೆ ಕೇಳಿದರು, ಫಿಲ್ಮ್‌ಗಳ ಪ್ರತಿಯನ್ನು ಮುಂದಿಟ್ಟು ವಿವರಿಸಿದೆ. ಹೆಚ್ಚು ಹೊತ್ತು ಹೋದದ್ದು ಗಣಿತಜ್ಞರ ಕೆಲಸದ ಚರ್ಚೆಗೆ. ತಿದ್ದುಪಡಿ ನಾಲ್ಕು ತಿಂಗಳ ನಂತರ ಪ್ರಕಟವಾಯಿತು, ಅದಕ್ಕೆ ಅದರದೇ ಡಿಒಐ ಸಂಖ್ಯೆ ಬಂತು. ಅಂದೇ ಅದನ್ನು ಮೂಲ ಪ್ರಬಂಧದ ಸಾಲಿಗೆ ಜೋಡಿಸಿ, ಹೊಸ ಪಟ್ಟಿಯನ್ನು ಆ ಆರು ಲೇಖಕರಿಗೂ, ಎಸ್‌ಟಿಆರ್ ಪರೀಕ್ಷೆ ಮಾಡಿಸಿದ ನಮ್ಮ ಹಳೆಯ ಸಹಾಯಕರಿಗೂ ಕಳುಹಿಸಿದೆ.